ಕೆರಗೋಡು ರಸ್ತೆಯಲ್ಲಿ ಕಳಚಿದ ಚೈನು

ಫ್ಲಾಸ್ಕಿನ ಗಾಜು ಒಡೆಯಬಹುದಿತ್ತು. ಒಡೆಯದಿದ್ದರೂ ಒಳಗಿನ ಐಸ್ ಕರಗಬಹುದಿತ್ತು. ಸೂಜಿಗಳು ಮೊಂಡಾಗಿರಬಹುದಿತ್ತು, ಸಿರಿಂಜಿನ ವಾಷರ್ ಒಣಗಿ ಲಸಿಕೆ ಹಿಂದಕ್ಕೆ ಸೋರಬಹುದಿತ್ತು. ಟೈರು ಪಂಕ್ಚರ್ ಆಗಬಹುದಿತ್ತು. ಅದಕ್ಕೆಂದೇ ಪಂಪು ಕಟ್ಟಿಕೊಂಡಿದ್ದೆ. ಆ ಪಂಪೇ ಕೆಟ್ಟಿರಬಹುದಿತ್ತು. ನಾಲೆ ಏರಿಯ ಮೇಲೆ ಕಬ್ಬಿನ ಗಾಡಿ ಎದುರಾಗಿ ನಾನು ಫ್ಲಾಸ್ಕಿನ ಸಮೇತ ನೀರಿಗೆ ಬೀಳಬಹುದಿತ್ತು. ನನಗೆ ಈಜು ಬರದು. ಊರು ಮುಟ್ಟಿದ ಮೇಲೆ ಎತ್ತು ಒದೆಯಬಹುದಿತ್ತು, ನಾಯಿ ಕಚ್ಚಬಹುದಿತ್ತು. ಎತ್ತೂ ನಾಯಿಯೂ ಸುಮ್ಮನಿದ್ದರೆ ಜನ ಜಗಳಕ್ಕೆ ಬರಬಹುದಿತ್ತು. ಇದನ್ನೆಲ್ಲ ಹಿಂದಿನ ದಿನವೇ ಜೇಬಿನ ಪುಸ್ತಕದಲ್ಲಿ ಒಂದರ ಕೆಳಗೊಂದು ಬರೆದುಕೊಂಡಿದ್ದೆ. ಬರೆದದ್ದರಲ್ಲಿ ಒಂದೂ ಆಗಲಿಲ್ಲ.

ಅದು ೧೯೭೪ರ ಮಾರ್ಚ್ ತಿಂಗಳು. ನಾನು ಮಂಡ್ಯದಲ್ಲಿ ಪಶುವೈದ್ಯ ಇಲಾಖೆಯ ಸ್ಟಾಕ್‌ಮನ್. ಅಂದರೆ ಡಾಕ್ಟರ್ ಅಲ್ಲ, ಡಾಕ್ಟರು ಕಳಿಸಿದ ಕಡೆ ಹೋಗಿ ಚುಚ್ಚಿ ಬರುವವನು. ಹಳ್ಳಿಯವರು ಮಾತ್ರ ಧಾರಾಳವಾಗಿ ‘ದನದ ಡಾಕ್ಟ್ರು’ ಎನ್ನುತ್ತಿದ್ದರು. ನಾನೂ ತಿದ್ದಲು ಹೋಗುತ್ತಿರಲಿಲ್ಲ.

ಕೆರಗೋಡಿನಾಚೆಯ ಒಂದು ಹಳ್ಳಿಯ ಪಕ್ಕದೂರಿಗೆ ದೊಡ್ಡರೋಗ ಬಂದಿತ್ತು. ಆ ಕಾಲದ ದನಗಳ ಪಾಲಿಗೆ ಅದೇ ಯಮ. ಜ್ವರ, ಬಾಯಿಹುಣ್ಣು, ಭೇದಿ, ವಾರದೊಳಗೆ ಸಾವು. ಬಂದ ಮೇಲೆ ಮದ್ದಿಲ್ಲ. ಬರುವ ಮೊದಲು ಲಸಿಕೆ ಹಾಕಬೇಕು. ಆ ಲಸಿಕೆಯೋ, ಗಾಜಿನ ಪುಟ್ಟ ಕೊಳವೆಯಲ್ಲಿ ಚಿಟಿಕೆ ಪುಡಿ. ಸದಾ ಐಸಿನಲ್ಲೇ ಇರಬೇಕು. ಬಿಸಿ ತಗುಲಿದರೆ ಅದು ಸತ್ತಂತೆ. ಆಮೇಲೆ ಚುಚ್ಚಿದರೂ ಬರೀ ನೀರು ಚುಚ್ಚಿದಂತೆ.

ಆ ಹಳ್ಳಿಯ ಯಜಮಾನ ಸಿದ್ದೇಗೌಡರು ಹಿಂದಿನ ದಿನ ಆಸ್ಪತ್ರೆಗೇ ಬಂದಿದ್ದರು. “ನಾಳೆ ಮದ್ಯಾನ್ದೊಳಗೆ ಬಂದ್ರೆ ಸರಿ ಸ್ವಾಮಿ. ಬರ್ನಿಲ್ಲ ಅಂದ್ರೆ ದನಾನೆಲ್ಲ ನೆಂಟ್ರ ಊರ್ಗೆ ಒಡ್ಕಂಡು ಓಯ್ತೀವಿ. ಇಲ್ಲೇ ಕಟ್ಟಾಕಂಡು ಸಾಯೋದ ನೋಡಕ್ಕಾಯ್ತದಾ?” ಎಂದು ಹೇಳಿ ಟವೆಲ್ ಕೊಡವಿ ಹೊರಟರು. ಹಾಗೇನಾದರೂ ಹೊಡೆದುಕೊಂಡು ಹೋದರೆ ದನಗಳ ಜೊತೆ ರೋಗವೂ ನಡೆದು ಹೋಗುತ್ತದೆ, ನೆಂಟರಿರುವ ಊರಿಗೆಲ್ಲ. ಡಾಕ್ಟರು ನನ್ನ ಕಡೆ ತಿರುಗಿ, “ಹನ್ನೆರಡಕ್ಕೆ ಮುಂಚೆ ನೀನು ಅಲ್ಲಿರ್ಬೇಕು ಕಣಯ್ಯ” ಎಂದರು.

ಕೆರಗೋಡಿಗೆ ಬಸ್ಸಿತ್ತು. ಆದರೆ ಬಸ್ಸಿನಲ್ಲಿ ಯಾರಾದರೂ ಫ್ಲಾಸ್ಕಿನ ಮೇಲೆ ಕೂತರೆ? ಸೈಕಲ್ಲೇ ವಾಸಿ ಅನಿಸಿತು. ಹತ್ತು ಮೈಲಿಯ ದಾರಿ, ಮೇಲಾಗಿ ನನ್ನ ಸೈಕಲ್ಲಿಗೆ ಹೊಸ ಚೈನು ಬಿದ್ದು ಒಂದು ತಿಂಗಳಷ್ಟೇ ಆಗಿತ್ತು.

ಆ ಚೈನು ಆರಿಸಿಕೊಟ್ಟವರು ಮಂಡ್ಯ ಪೇಟೆಯ ಸೈಕಲ್ ಶಾಪಿನ ಗಫಾರ್ ಸಾಬರು. ಮಾತು ಕಡಿಮೆ, ಕೈ ಚುರುಕು. ನಾನು ಥಳಥಳ ಹೊಳೆಯುವ ಒಂದು ಚೈನು ಎತ್ತಿಕೊಂಡರೆ ಅವರು ಅದನ್ನು ಕಿತ್ತುಕೊಂಡು ಪಕ್ಕಕ್ಕೆ ಎಸೆದರು. “ಹೊಳಪು ನೋಡಿ ತಗೊಳ್ಳೋಕೆ ಇದೇನು ಬಳೇನಾ ಸಾರ್? ಅಡ್ಡಡ್ಡ ಹಿಡೀರಿ.” ಚೈನನ್ನು ಮಗ್ಗುಲಾಗಿ ಚಾಚಿ ಹಿಡಿದಾಗ ಹಾವಿನಂತೆ ಜೋಲು ಬಿದ್ದರೆ ಕೊಂಡಿಗಳು ಸಡಿಲ, ಸೆಟೆದು ನಿಂತರೆ ಗಟ್ಟಿ. ರಿವೆಟ್ ತಲೆಗಳೆಲ್ಲ ಒಂದೇ ಸಮ ಇರಬೇಕು. ಹನ್ನೆರಡು ಅಂಗುಲಕ್ಕೆ ಇಪ್ಪತ್ನಾಲ್ಕು ಕೊಂಡಿ. ಆ ಅಳತೆ ಅಂಗುಲದ ಎಂಟನೇ ಒಂದು ಭಾಗ ಉದ್ದವಾಯಿತೆಂದರೆ ಚೈನಿನ ಕಥೆ ಮುಗಿಯಿತು, ಇನ್ನೂ ಓಡಿಸಿದರೆ ಚಕ್ರದ ಹಲ್ಲನ್ನೂ ತಿನ್ನುತ್ತದೆ. ವಾರಕ್ಕೊಮ್ಮೆ ಒಣಬಟ್ಟೆಯಲ್ಲಿ ಒರೆಸಿ ಕೊಂಡಿಗೊಂದು ತೊಟ್ಟು ಎಣ್ಣೆ, ಅಷ್ಟೇ. ಹೆಚ್ಚು ಬಿಟ್ಟರೆ ಧೂಳು ಕಚ್ಚುತ್ತದೆ. ಇದನ್ನೆಲ್ಲ ನಾನು ಬರೆದುಕೊಂಡೆ.

ಚೈನಿನ ಎರಡು ತುದಿಗಳನ್ನು ಸೇರಿಸುವುದು ಒಂದು ಪುಟ್ಟ ಲಾಕು. ಉಗುರಿನಷ್ಟು ಅಗಲದ ಸ್ಪ್ರಿಂಗ್ ತಗಡು, ನೋಡಲು ಮೀನಿನ ಹಾಗೆ: ಒಂದು ಕಡೆ ಮುಚ್ಚಿದ ತಲೆ, ಇನ್ನೊಂದು ಕಡೆ ಸೀಳಿದ ಬಾಲ. “ಇದನ್ನು ಬಿಚ್ಚೋ ಉಸಾಬರಿ ನಿಮಗೆ ಬೇಡ,” ಎಂದರು ಸಾಬರು. “ಬಿಚ್ಚಲೇಬೇಕು ಅಂದ್ರೆ ವಾಪಸ್ ಹಾಕೋವಾಗ ಮೀನಿನ ತಲೆ ಮುಂದಕ್ಕಿರ್ಲಿ.” ಅದನ್ನೂ ಬರೆದು ಕೆಳಗೆ ಎರಡು ಗೆರೆ ಎಳೆದೆ.

ಹೊರಡುವ ಹಿಂದಿನ ಸಂಜೆ ಚೈನು ಯಾಕೋ ಕಿರ್ ಎಂದಂತಾಯಿತು. ಎಂದಿತೋ ಇಲ್ಲವೋ ಈಗಲೂ ಆಣೆ ಮಾಡಿ ಹೇಳಲಾರೆ. ಹಿತ್ತಲಿಗೆ ಒಯ್ದು, ಚೈನು ಬಿಚ್ಚಿ, ಸೀಮೆಎಣ್ಣೆಯಲ್ಲಿ ಅದ್ದಿ, ಬ್ರಷ್ಷಿನಲ್ಲಿ ಉಜ್ಜಿ, ಒರೆಸಿ, ಎಣ್ಣೆ ಬಿಟ್ಟು, ಪುಸ್ತಕ ತೆರೆದು ನೋಡಿಕೊಂಡು ಮೀನಿನ ತಲೆ ಮುಂದಿನ ಚಕ್ರದ ಕಡೆಗೇ ಇರುವಂತೆ ಲಾಕು ಕೂರಿಸಿದೆ. “ಮದುವೆಗಂಡಿಗೂ ಇಷ್ಟು ಎಣ್ಣೆಸ್ನಾನ ಮಾಡ್ಸಲ್ಲ ಕಣ್ರೀ” ಎಂದಳು ನನ್ನ ಹೆಂಡತಿ.

ಆಸ್ಪತ್ರೆ ತೆರೆದು ಲಸಿಕೆ, ಐಸು ಕೈಗೆ ಸಿಕ್ಕಿ ಹೊರಟಾಗ ಬೆಳಿಗ್ಗೆ ಹತ್ತು ಗಂಟೆ. ಕಬ್ಬಿನ ಗಾಡಿಗಳಿಂದ ಉದುರಿದ ಸೋಗೆ ರಸ್ತೆ ತುಂಬ ಹಾಸಿತ್ತು. ಮುಕ್ಕಾಲು ದಾರಿ ಕಳೆದಿದ್ದೆ. ಒಂದು ಸೋಗೆ ಚೈನಿಗೆ ಸಿಕ್ಕಿ ಚರಚರ ಎಂದಿತು, ಟಿಣ್ ಎಂದು ಏನೋ ಹಾರಿತು, ಪೆಡಲು ತುಳಿದರೆ ಕಾಲ ಕೆಳಗೆ ಏನೂ ಇಲ್ಲ. ಮೆಟ್ಟಿಲಿದೆ ಎಂದುಕೊಂಡು ಕಾಲಿಟ್ಟರೆ ಇಲ್ಲದಿದ್ದಾಗ ಎದೆ ಧಸಕ್ಕೆನ್ನುತ್ತದಲ್ಲ, ಹಾಗೆ. ತಿರುಗಿ ನೋಡಿದರೆ ನನ್ನ ಚೈನು ಧೂಳಿನಲ್ಲಿ ಸತ್ತ ಹಾವಿನಂತೆ ಉದ್ದಕ್ಕೆ ಬಿದ್ದಿತ್ತು. ಕೊಂಡಿಯ ಪಿನ್ನು ಸಿಕ್ಕಿತು, ಮುಚ್ಚುಪಟ್ಟಿಯೂ ಸಿಕ್ಕಿತು. ಅವೆರಡನ್ನೂ ಕಳಚದಂತೆ ಹಿಡಿಯುವ ಲಾಕು ಮಾತ್ರ ಇಲ್ಲ. ಗಡಿಯಾರ ನೋಡಿದೆ: ಹನ್ನೊಂದೂಕಾಲು, ನಡೆದು ಹೋದರೆ ಹನ್ನೆರಡು ಮೀರುತ್ತದೆ. ಫ್ಲಾಸ್ಕ್ ಅಲ್ಲಾಡಿಸಿದೆ. ಹೊರಡುವಾಗ ಕಟಕಟ ಎನ್ನುತ್ತಿದ್ದ ಐಸು ಈಗ ಚುಳಚುಳ ಎನ್ನುತ್ತಿತ್ತು. ನಾನು ರಸ್ತೆಯ ಮೇಲೆ ಮಂಡಿಯೂರಿ ಸೋಗೆ ಕೆದಕತೊಡಗಿದೆ.

“ಅದ್ಯಾನ ಕಳ್ಕಂಡ್ರಪ್ಪ, ರಸ್ತೆ ಮ್ಯಾಲೆ ಕೋಳಿಯಂಗೆ ಕೆದಕ್ತಿದ್ದೀರಿ?”

ತಲೆಯ ಮೇಲೆ ಖಾಲಿ ಮಕ್ಕರಿ, ಸೊಂಟದಲ್ಲಿ ಕುಡುಗೋಲು ಸಿಕ್ಕಿಸಿಕೊಂಡ ಒಬ್ಬ ಹೆಂಗಸು ನಿಂತಿದ್ದಳು. ಹೊಳಲಿನ ಕಡೆಯವಳು, ಹೆಸರು ಚಿಕ್ಕತಾಯಮ್ಮ ಎಂದು ಆಮೇಲೆ ತಿಳಿಯಿತು. ಲಸಿಕೆ, ಐಸು, ಸಿದ್ದೇಗೌಡರು ಎಂದೆಲ್ಲ ತೊದಲಿದೆ.

“ಅಂಗ್ ನಡುಗ್ಬ್ಯಾಡಿ ಕಣಪ್ಪ, ನೋಡ್ದೋರು ದೊಡ್ರೋಗ ನಿಮ್ಗೇ ಬಂದದೆ ಅಂದ್ಕತ್ತಾರೆ!” ಎಂದು ಕುಕ್ಕರಗಾಲಲ್ಲಿ ಕೂತು ಪಿನ್ನನ್ನು ತಿರುಗಿಸಿ ನೋಡಿದಳು. “ಇಷ್ಟೇಯಾ? ಇದು ಈಚೆಗ್ ಬರ್ದಂಗೆ ಕಟ್ಟುದ್ರಾಯ್ತು.”

ಮಕ್ಕರಿಯ ಒಡೆದ ಅಂಚಿಗೆ ಸುತ್ತಿದ್ದ ಸಣ್ಣ ತಂತಿಯನ್ನು ಕುಡುಗೋಲಿನ ತುದಿಯಿಂದ ಮೀಟಿ ಬಿಚ್ಚಿದಳು. ನಾನು ಕೊಂಡಿ ಸೇರಿಸಿ ಹಿಡಿದೆ. ಅವಳು ಪಿನ್ನಿನ ಎರಡು ಮೂತಿಗಳಲ್ಲಿದ್ದ ಕಚ್ಚುಗಳಿಗೂ ತಂತಿ ಸುತ್ತಿ ಹಿಂಡಿ ಬಿಗಿದಳು. ಮಕ್ಕರಿಯ ಅಂಚು ಅಲ್ಲೇ ಬಾಯಿಬಿಟ್ಟಿತು.

“ನಿಮ್ಮ ಮಕ್ಕರಿ...” ಎಂದೆ.

“ಅದು ಬಾಯ್ಬುಟ್ರೆ ಯಾರೂ ಸಾಯಕ್ಕಿಲ್ಲ. ಓಗಿ, ಓಗಿ. ತುಳೀವಾಗ ಎತ್ತು ಒದ್ದಂಗೆ ಒದೀಬ್ಯಾಡಿ!”

ಉಳಿದ ದಾರಿಯನ್ನು ಮೊಟ್ಟೆಯ ಮೇಲೆ ಕಾಲಿಟ್ಟಂತೆ ತುಳಿದೆ. ಊರ ಮುಂದೆ ದನಗಳನ್ನು ಆಗಲೇ ಹಗ್ಗ ಬಿಚ್ಚಿ ಸಾಲುಗಟ್ಟಿಸಿದ್ದರು. ಸಿದ್ದೇಗೌಡರು ಕೋಲು ಕೆಳಗಿಟ್ಟು, “ಬಂದ್ರಲ್ಲಾ ಮಾರಾಯ್ರೇ, ಇನ್ನೊಂದು ಬೀಡಿ ಒತ್ತು ನೋಡಿ ಒಂಟೋಯ್ತಿದ್ದೋ” ಎಂದರು. ಫ್ಲಾಸ್ಕಿನಲ್ಲಿ ಮುಷ್ಟಿಯಷ್ಟು ಐಸು ಉಳಿದಿತ್ತು. ಒಂದು ದನವೂ ಊರು ಬಿಡಲಿಲ್ಲ. ಆ ಬೇಸಿಗೆಯಲ್ಲಿ ರೋಗ ಆ ಊರಿನೊಳಗೆ ಕಾಲಿಡಲೂ ಇಲ್ಲ.

ವಾಪಸು ಬರುವ ದಾರಿಯುದ್ದಕ್ಕೂ ಗಫಾರ್ ಸಾಬರನ್ನು ಬಯ್ಯಬೇಕಾದ ಮಾತುಗಳನ್ನು ಜೋಡಿಸಿಕೊಂಡೆ. ಅಂಗಡಿ ಮುಂದೆ ಸೈಕಲ್ ನಿಲ್ಲಿಸಿದವನೇ, “ಸಾಬ್ರೇ, ನಿಮ್ಮ ಚೈನು ಇವತ್ತು ಒಂದೂರಿನ ದನಾನೆಲ್ಲ ಕೊಲ್ತಿತ್ತಲ್ರೀ!” ಎಂದೆ. ಅಲ್ಲಿದ್ದ ಗಿರಾಕಿಗಳೆಲ್ಲ ಅವರ ಮುಖ ನೋಡಿದರು.

ಸಾಬರು ತಂತಿಯ ಗಂಟನ್ನು ಮುಟ್ಟಿ ನೋಡಿದರು. “ಲಾಕ್ ಯಾರು ಬಿಚ್ಚಿದ್ದು?”

“ನಾನೇ. ನೀವು ಹೇಳಿದ ಹಾಗೇ ಹಾಕಿದ್ದೀನಿ, ತಲೆ ಮುಂದಕ್ಕೆ. ನೋಡಿ, ಬರ್ಕೊಂಡಿದೀನಿ!” ಪುಸ್ತಕ ತೆರೆದು ಹಿಡಿದೆ.

“ಸೈಕಲ್ ಹೆಂಗೆ ನಿಲ್ಸ್ಕೊಂಡಿದ್ರಿ?”

“ತಲೆಕೆಳಗೆ. ಸೀಟು, ಹ್ಯಾಂಡಲ್ ಮೇಲೆ.”

ಅವರು ನನ್ನ ಸೈಕಲ್ಲನ್ನು ಎತ್ತಿ ತಲೆಕೆಳಗೆ ನಿಲ್ಲಿಸಿ, ಪೆಡಲನ್ನು ಅದು ತಿರುಗಬೇಕಾದ ಕಡೆಗೆ ಮೆಲ್ಲಗೆ ತಿರುಗಿಸಿದರು. ನಾನು ಲಾಕು ಕೂರಿಸಿದ್ದು ಮೇಲೆ ಕಾಣುತ್ತಿದ್ದ ಸಾಲಿನಲ್ಲಿ. ಆ ಸಾಲು ಮುಂದಿನ ಚಕ್ರದ ಕಡೆಗಲ್ಲ, ಹಿಂದಿನ ಚಕ್ರದ ಕಡೆಗೆ ಓಡುತ್ತಿತ್ತು. ಸೈಕಲ್ ನೆಟ್ಟಗಿದ್ದಾಗ ಅದು ಕೆಳಗಿನ ಸಾಲು. ಸಾಬರು ‘ಮುಂದಕ್ಕೆ’ ಎಂದದ್ದು ಚೈನು ಓಡುವ ದಿಕ್ಕಿಗೆ. ಅಂದರೆ ನನ್ನ ಮೀನು ಹತ್ತು ಮೈಲಿ ದಾರಿಗೆ ಬಾಲ ಮುಂದಾಗಿ ಹೊರಟಿತ್ತು. ಸೀಳಿದ ಬಾಲಕ್ಕೆ ಸೋಗೆ ಸಿಕ್ಕಿ ಲಾಕನ್ನು ಎಬ್ಬಿಸಿ ಎಸೆದಿತ್ತು. ತೆರೆದು ಹಿಡಿದಿದ್ದ ಪುಸ್ತಕವನ್ನು ಮುಚ್ಚಿ ಜೇಬಿಗಿಟ್ಟೆ. ಇದ್ದ ಹಾಗೇ ಬಿಟ್ಟಿದ್ದರೆ ಆ ಚೈನು ಮೂರು ವರ್ಷ ಓಡುತ್ತಿತ್ತು.

ಟ್ಯೂಬಿಗೆ ತೇಪೆ ಹಾಕಿಸಲು ಬಂದಿದ್ದವನೊಬ್ಬ ಕೇಳಿದ: “ಡಾಕ್ಟ್ರೇ, ಎತ್ತಿಗಾರೂ ತಲೆ ಎತ್ತಗದೆ ಅಂತ ನೋಡ್ಕಂಡ್ ಚುಚ್ಚಿದ್ರಾ?”

ಸಾಬರು ನಗಲಿಲ್ಲ. ತಂತಿ ಯಾರದೆಂದು ನನ್ನಿಂದ ಕೇಳಿ ತಿಳಿದು, ಹೊಸ ಲಾಕು ಕೂರಿಸಿ, ತಂತಿಯನ್ನು ನೇರ ಮಾಡಿ ನನ್ನ ಕೈಗಿತ್ತು, “ಆ ತಾಯಿಗೆ ವಾಪಸ್ ಕೊಡಿ” ಎಂದರು. ನಾನು ಕ್ಷಮೆ ಕೇಳಿದೆ, ಬೈದಷ್ಟೇ ಗಟ್ಟಿ ದನಿಯಲ್ಲಿ, ಅದೇ ಗಿರಾಕಿಗಳ ಮುಂದೆ.

ಮುಂದೆ ನನ್ನ ಕೈಕೆಳಗೆ ಬಂದ ಹೊಸ ಸ್ಟಾಕ್‌ಮನ್‌ಗಳಿಗೆ ಎರಡೇ ಮಾತು ಹೇಳುತ್ತಿದ್ದೆ. ಹೊರಡುವ ಹಿಂದಿನ ದಿನ, ನೆಟ್ಟಗಿರುವುದನ್ನು ಬಿಚ್ಚಬೇಡಿ. ಯಾರಾದರೂ ‘ಮುಂದಕ್ಕೆ’ ಎಂದರೆ, ಬರೆದುಕೊಳ್ಳುವ ಮೊದಲು ಯಾವುದರ ಮುಂದಕ್ಕೆ ಎಂದು ಕೇಳಿ.

ಆ ಸಂಜೆ ಅಂಗಡಿಯ ಮುಂದೆಯೇ ನಿಂತು ಪಟ್ಟಿಯಲ್ಲಿದ್ದ ಫ್ಲಾಸ್ಕು, ಸೂಜಿ, ಪಂಪು, ನಾಲೆ, ಎತ್ತು, ನಾಯಿ, ಎಲ್ಲವನ್ನೂ ಒಂದೊಂದಾಗಿ ಹೊಡೆದುಹಾಕಿದೆ. ಕೆಳಗೆ ಒಂದು ಸಾಲು ಸೇರಿಸಿದೆ: ಲಾಕು, ತಿರುಗುಮುರುಗು, ನನ್ನ ಕೈಯಿಂದಲೇ.