ಒಗ್ಗರಣೆಗೆ ಸಂದ ನಮ್ಮ ಶಾಲೆಯ ಕರಿಬೇವಿಗೆ

ಕಾವೂರಿನ ಸಮಸ್ತ ನಾಗರಿಕರೇ...
ದುಬೈ, ಮಸ್ಕತ್‌ಗಳಲ್ಲಿ ಹಂಚಿಹೋಗಿರುವ ಹಳೆ ವಿದ್ಯಾರ್ಥಿಗಳೇ...
ದಯವಿಟ್ಟು ಇದ್ದಲ್ಲೇ ಒಮ್ಮೆ ಎದ್ದು ನಿಲ್ಲಿ.

ನಮ್ಮ ಪ್ರಾಥಮಿಕ ಶಾಲೆಯ ಬಾವಿಯ ಪಕ್ಕದ ಕರಿಬೇವಿನ ಗಿಡ ಇನ್ನಿಲ್ಲ.

ನಂಬಲಿಕ್ಕೇ ಆಗುತ್ತಿಲ್ಲ...
ನಿನ್ನೆ ಸಂಜೆ ಕೂಡ ನೋಡಿದ್ದೆ. ಗಟ್ಟಿಮುಟ್ಟಾಗಿತ್ತು. ಬಿಪಿ ಇಲ್ಲ, ಶುಗರ್ ಇಲ್ಲ.
ಇವತ್ತು ಮಧ್ಯಾಹ್ನ ಹಳೆ ವಿದ್ಯಾರ್ಥಿ ಸಂಘದ ವಾಟ್ಸಾಪ್ ಗ್ರೂಪಿಗೆ ಫೋಟೋ ಬಂತು.
ಗಿಡ ಇದ್ದ ಜಾಗದಲ್ಲಿ ಶಾಲು ಹೊದ್ದ ಅತಿಥಿಗಳು. ಕೈಯಲ್ಲಿ ಬೇರೆ ಯಾವುದೋ ಸಸಿ.
ಕೆಳಗೆ ಸಾಲುಸಾಲು ಚಪ್ಪಾಳೆ...

ಸಾವಿಗೆ ಕಾರಣ: ಪರಿಸರ ದಿನಾಚರಣೆ.
(ಅತಿಥಿಗಳ ಡೇಟ್ ಸಿಕ್ಕಿದ ದಿನವೇ ನಮ್ಮ ಸಂಘಕ್ಕೆ ಪರಿಸರ ದಿನ.)

ಓಡಿದೆ. ಸಂಘದ ಅಧ್ಯಕ್ಷ ದಾಮೋದರಣ್ಣ ಅಂಗಳದಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದರು.
"ಅಣ್ಣಾ, ಕರಿಬೇವಿನ ಗಿಡ ಎಲ್ಲಿ?"
"ತೆಗೆಸಿದೆವು ಮಾರಾಯ. ಸಸಿ ನೆಡ್ಲಿಕ್ಕೆ ಗುಂಡಿ ಬೇಕಲ್ಲ?"
"ಇಷ್ಟು ದೊಡ್ಡ ಅಂಗಳ ಉಂಟಲ್ಲ?"
"ಎಂತ ಅಂಗಳ? ಎಲ್ಲ ಕಡೆ ಮುರಕಲ್ಲು. ಪಿಕ್ಕಾಸು ಹಾಕಿದ್ರೆ ಕಿಡಿ ಹಾರ್ತದೆ! ಅಲ್ಲಿ ಮಾತ್ರ ಮಣ್ಣು ಬೆಣ್ಣೆ ಹಾಗೆ ಇತ್ತು. ದೇವರೇ ತೋರಿಸಿದ ಜಾಗ."

ದೇವರಲ್ಲ ದಾಮೋದರಣ್ಣ... ಮೂರನೇ ಕ್ಲಾಸಿನ ಮಕ್ಕಳು.
ಮನೆಗೆ ಹೋಗುವ ಮುಂಚೆ ವಾಟರ್ ಬಾಟಲಿಯಲ್ಲಿ ಉಳಿದ ನೀರನ್ನೆಲ್ಲ ಆ ಬುಡಕ್ಕೆ ಸುರಿದೂ ಸುರಿದೂ ಮುರಕಲ್ಲಿನ ನಡುವೆ ಬೆಣ್ಣೆ ಮಾಡಿದ್ದು ಅವರು.
ಅವರನ್ನು ಹಾಲ್‌ನಲ್ಲಿ ಕೂರಿಸಿ "ಗಿಡ ಬೆಳೆಸಿ" ಎಂದು ಭಾಷಣ ಮಾಡುತ್ತಿದ್ದಾಗ ಹೊರಗೆ ಗಿಡ ಕಿತ್ತದ್ದು ನೀವು.

"ಮತ್ತೆ ಕಿತ್ತ ಗಿಡ?"
"ವೇಸ್ಟ್ ಮಾಡ್ಲಿಲ್ಲಪ್ಪ, ನಾವು ಪರಿಸರದವರಲ್ವಾ? ಒಗ್ಗರಣೆಗೆ ಹೋಯ್ತು. ಸಾಂಬಾರು ಫಸ್ಟ್ ಕ್ಲಾಸ್ ಆಗಿದೆ. ಉಂಡು ಹೋಗು."

ಗೆಳೆಯಾ, ಕರಿಬೇವೇ...
ಈ ಸಂಘದ ಸದಸ್ಯನಾಗಿ ನಿನ್ನ ಮುಂದೆ ಯಾವ ಮುಖ ಹೊತ್ತು ನಿಲ್ಲಲಿ?
ಮೂರನೇ ಕ್ಲಾಸಿನವರಿಗೆ ನೀನೇ ಹೆರಿಗೆ ವಾರ್ಡ್. ಕಪ್ಪು ಚಿಟ್ಟೆ ಬಂದು ನಿನ್ನ ಎಲೆಯಲ್ಲೇ ಮೊಟ್ಟೆ ಇಡುತ್ತಿತ್ತು.
ಶೈಲಜಾ ಟೀಚರ್ ಹಾಜರಿ ಕರೆಯುವ ಮೊದಲು ಈ ಮಕ್ಕಳು ಓಡಿ ಬಂದು ಹುಳುಗಳ ಹಾಜರಿ ಕರೆಯುತ್ತಿದ್ದರು. ಹುಳುವಿನ ಪರವಾಗಿ "ಪ್ರೆಸೆಂಟ್ ಟೀಚರ್" ಎನ್ನುವವರೂ ಇವರೇ...

ನೆನಪುಂಟಾ? ನಿನ್ನ ಎಲೆಯ ಮೇಲೊಂದು ಕಾಗೆ ಹಿಕ್ಕೆ ಕಂಡು ನಾನು ಒರೆಸಲು ಹೋದೆ. ಆಯಿಷಾ ಎಂಬ ಪುಟ್ಟ ಹುಡುಗಿ ಪಟ್ಟೆಂದು ನನ್ನ ಕೈಗೆ ಬಡಿದಳು.
"ಅಂಕಲ್! ಅದು ಹಿಕ್ಕೆ ಅಲ್ಲ, ಹುಳು. ಹಿಕ್ಕೆ ಹಾಗೆ ಆಕ್ಟಿಂಗ್ ಮಾಡ್ತದೆ. ಇಲ್ಲದಿದ್ರೆ ಹಕ್ಕಿ ತಿಂತದೆ."

ಹಕ್ಕಿಗಳಿಂದ ತಪ್ಪಿಸಿಕೊಳ್ಳುವ ವಿದ್ಯೆ ನಿನ್ನ ಮಡಿಲಿನವರಿಗೆ ಗೊತ್ತಿತ್ತು...
ಪರಿಸರಪ್ರೇಮಿಗಳಿಂದ ತಪ್ಪಿಸಿಕೊಳ್ಳುವುದು ಸಿಲೆಬಸ್‌ನಲ್ಲಿ ಇರಲಿಲ್ಲ.

ಭಾಷಣ ಮುಗಿದು ಮಕ್ಕಳು ಹೊರಗೆ ಬಂದರು. ನೋಡಿದರು.
ಒಬ್ಬರೂ ಅಳಲಿಲ್ಲ. ಸೀದಾ ಅಡುಗೆ ಕೋಣೆಗೆ ನುಗ್ಗಿದರು!
ಇನ್ನೂ ತೊಳೆಯದೆ ಉಳಿದಿದ್ದ ಸೊಪ್ಪಿನ ಬುಟ್ಟಿಯಲ್ಲಿ ತಡಕಿ, ಬದುಕಿದ್ದ ಹುಳುಗಳನ್ನು ಆಯಿಷಾಳ ಟಿಫಿನ್ ಬಾಕ್ಸಿಗೆ ಹಾಕಿಕೊಂಡರು.

ದಾಮೋದರಣ್ಣನಿಗೆ ಈಗ ಬಿಸಿ ತಟ್ಟಿತು.
"ಮೊದಲೇ ಹೇಳ್ಬೇಕಲ್ಲ ಮಕ್ಕಳೇ?"
"ಗಿಡಕ್ಕೆ ಬೋರ್ಡ್ ಕಟ್ಟಿದ್ದೆವಲ್ಲ ಅಜ್ಜ" ಎಂದಳು ಆಯಿಷಾ, ಸಾಂಬಾರಿನ ಪಾತ್ರೆಯತ್ತ ಕೈ ತೋರಿಸಿ.
ನೊಣ ಬೀಳದಿರಲೆಂದು ಪಾತ್ರೆಗೆ ಮುಚ್ಚಿದ್ದ ರಟ್ಟಿನ ಮೇಲೆ ಕ್ರೇಯಾನ್ ಅಕ್ಷರ...
'ಕೀಳಬೇಡಿ. ಒಳಗೆ ಮರಿಗಳಿವೆ.'

ಮೂರನೇ ಕ್ಲಾಸು ಇಡೀ ಮಜ್ಜಿಗೆ ಅನ್ನ ಉಂಡಿತು. ನಾನೂ...

ಆಮೇಲೆ ಇವರು ಹೋಗಿ ಅತಿಥಿಗಳ ಸಸಿ ನೋಡಿದರು. ನರ್ಸರಿಯ ಪ್ಲಾಸ್ಟಿಕ್ ತೊಟ್ಟೆಯ ಸಮೇತ ನೆಟ್ಟಿದ್ದರು ಮಹಾನುಭಾವರು! ಮಕ್ಕಳೇ ತೊಟ್ಟೆ ಹರಿದು ತೆಗೆದು, ಸರಿಯಾಗಿ ನೆಟ್ಟು, ಬಾಟಲಿ ನೀರು ಹೊಯ್ದರು.
"ಇದ್ರದ್ದು ಎಂತ ತಪ್ಪು ಟೀಚರ್?"
ಶೈಲಜಾ ಟೀಚರ್ ತಮ್ಮ ಬಾಟಲಿಯ ನೀರನ್ನೂ ಅದಕ್ಕೆ ಹೊಯ್ದರು. ದಾಮೋದರಣ್ಣ ಸ್ಕೂಟರ್ ಕೀ ಹಿಡಿದು ಹತ್ತಿರ ಬಂದರು.
"ಹುಳುಗಳಿಗೆ ಅಂಗಡಿಯಿಂದ ಸೊಪ್ಪು ತರ್ಲಾ ಮಗಾ?"
"ಬೇಡ ಅಜ್ಜ, ಅದಕ್ಕೆ ಮದ್ದು ಹೊಡೆದಿರ್ತಾರೆ. ತಿಂದ್ರೆ ಸಾಯ್ತವೆ."
ಅಧ್ಯಕ್ಷರು ಕೀ ಜೇಬಿಗೆ ಹಾಕಿಕೊಂಡರು. ಅಷ್ಟು ಸಣ್ಣ ದನಿಯಲ್ಲಿ "ಹೌದಾ..." ಅಂದದ್ದನ್ನು ನಾನು ಇದೇ ಮೊದಲು ಕೇಳಿದ್ದು.

ಹೋಗಿ ಬಾ ಕರಿಬೇವೇ...
ಫೋಟೋಗ್ರಾಫರ್ ಕಾಲಿಡದ ಯಾವುದಾದರೂ ಹಿತ್ತಲಿನಲ್ಲಿ ನಿನ್ನ ಆತ್ಮ ತಣ್ಣಗೆ ಚಿಗುರಲಿ.

ಉಳಿದವರು, ಕೈಮುಗಿಯುವ ಎಮೋಜಿ ಹಾಕುವ ಮೊದಲು ಒಂದು ಉಪಕಾರ ಮಾಡಿ.
ಬುಟ್ಟಿಯ ಎಲೆ ನಾಳೆಗೆ ಬಾಡುತ್ತದೆ. ಟಿಫಿನ್ ಬಾಕ್ಸಿನವರು ಬೇರೆ ಏನೂ ತಿನ್ನುವುದಿಲ್ಲ.
ನಿಮ್ಮ ಮನೆಯಲ್ಲಿ ಮದ್ದು ಹೊಡೆಯದ ಕರಿಬೇವು ಇದ್ದರೆ, ಬೆಳಗ್ಗೆ ಹಾಜರಿಗೆ ಮೊದಲು ಸೊಪ್ಪಿರುವ ಒಂದು ಗೆಲ್ಲು ಶಾಲೆಗೆ ತಲುಪಿಸಿ.
ಎಲೆಯ ಮೇಲೆ ಕಾಗೆ ಹಿಕ್ಕೆಯಂಥದ್ದು ಕಂಡರೆ...
ದಯವಿಟ್ಟು ಒರೆಸದೆ ತನ್ನಿ.