ಷಡ್ಡಕನ ಕಾರಿನ ಕಾಗದಗಳು

ಮೊನ್ನೆ ಗಿರಿಜೆಯ ಮಗ ಹೊಸದಾಗಿ ಕೊಂಡ ವಿದೇಶಿ ಕಾರನ್ನು ಹಾಸನದ ನಮ್ಮ ಮನೆಯ ಮುಂದೆ ತಂದು ನಿಲ್ಲಿಸಿದ. ಗಿರಿಜೆ ಎಂದರೆ ನನ್ನ ಹೆಂಡತಿಯ ಅಕ್ಕನ ಮಗಳು. ಚನ್ನರಾಯಪಟ್ಟಣದಲ್ಲೊಂದು ಮದುವೆ, ನನ್ನನ್ನೂ ಕರೆದೊಯ್ಯಲು ತಾಯಿ ಮಗ ಇಬ್ಬರೂ ಬಂದಿದ್ದರು. ಅವನು ಹಿಂದಿನ ಬಾಗಿಲು ತೆಗೆದು ಹಿಡಿದ. ಒಳಗಿನಿಂದ ಹೊಸ ಚರ್ಮದ ವಾಸನೆ ಬಂತು ನೋಡಿ, ಆರಿಹೋಯಿತು ಎಂದುಕೊಂಡಿದ್ದ ಹೊಟ್ಟೆಕಿಚ್ಚು ಈ ಎಂಬತ್ತು ದಾಟಿದ ಹೊಟ್ಟೆಯಲ್ಲಿ ಮತ್ತೆ ಹೊತ್ತಿಕೊಂಡಿತು. ಅದು ನನ್ನ ಷಡ್ಡಕನ ಕಾರಿನ ವಾಸನೆ.

ಷಡ್ಡಕರ ಪಾಡು ನಿಮಗೆ ಗೊತ್ತಿದ್ದೀತು. ಒಂದೇ ಮನೆಯ ಹೆಣ್ಣುಮಕ್ಕಳನ್ನು ಕೈಹಿಡಿದ ತಪ್ಪಿಗೆ ಇಬ್ಬರು ಗಂಡಸರು ಜೀವಮಾನವಿಡೀ ಒಂದೇ ತಕ್ಕಡಿಯ ಎರಡು ತಟ್ಟೆಗಳಲ್ಲಿ ಕೂರಬೇಕು. ಗಿರಿಜೆಯ ತಂದೆ ಮರುಳಪ್ಪ ಹೊಳೆನರಸೀಪುರದಲ್ಲಿ ಕೊಬ್ಬರಿ ವ್ಯಾಪಾರಿ. ನಾನು ಆಗ ಅರಕಲಗೂಡಿನಲ್ಲಿ ಅಪ್ಪನ ದವಸದ ಮಂಡಿ ನೋಡಿಕೊಂಡಿದ್ದವ. ಅವನು ನನಗಿಂತ ಆರು ವರ್ಷ ದೊಡ್ಡವನು. ಎದುರಿಗೆ ‘ಅಣ್ಣ’ ಎಂದು ಬಹುವಚನದಲ್ಲಿ ಮಾತಾಡುತ್ತಿದ್ದೆ, ಮನಸ್ಸಿನಲ್ಲಿ ಮಾತ್ರ ಏಕವಚನ. ಇಲ್ಲಿ ಮನಸ್ಸಿನ ಭಾಷೆಯಲ್ಲೇ ಬರೆಯುತ್ತೇನೆ, ಕ್ಷಮಿಸಿ. ಅವನಿಗೆ ಎಲ್ಲವೂ ಇತ್ತು, ಇಂಗ್ಲಿಷ್ ಒಂದು ಇರಲಿಲ್ಲ. ನಾನು ಮೈಸೂರಿಗೆ ಹೋಗಿ ಇಂಟರ್‌ಮೀಡಿಯೆಟ್‌ನಲ್ಲಿ ಎರಡು ಸಲ ಡುಮ್ಕಿ ಹೊಡೆದು ಬಂದಿದ್ದೆ. ಆದರೂ ಅಷ್ಟರಲ್ಲಿ ಇಂಗ್ಲಿಷ್ ಮೈಗೆ ಅಂಟಿಕೊಂಡಿತ್ತು. ಮಾವನ ಮನೆಯಲ್ಲಿ ನನಗೆ ಮರ್ಯಾದೆ ಉಳಿಸಿದ್ದು ಅದೊಂದೇ.

ಮೂವತ್ತರ ದಶಕದ ನಡುವಿನ ಮಾತು. ಮರುಳಪ್ಪ ಮದರಾಸಿಗೆ ಹೋಗಿ ಒಂದು ವಿಲಾಯತಿ ಕಾರು ತಂದ. ಕಂಪನಿಯ ಹೆಸರು ಹೇಳುವುದಿಲ್ಲ. ನನ್ನ ಬಾಯಿಂದ ಅವರಿಗೆ ಪುಕ್ಕಟೆ ಜಾಹೀರಾತು ಸಿಗುವುದು ಇವತ್ತಿಗೂ ನನಗೆ ಇಷ್ಟವಿಲ್ಲ. ಕರಿಯ ಮೈ, ಒಳಗೆ ಕಂದು ಚರ್ಮದ ಸೀಟು, ಬಾಗಿಲು ಹಾಕಿದರೆ ಪುಸ್ತಕ ಮುಚ್ಚಿದಷ್ಟೇ ಸದ್ದು. ಆರು ತಿಂಗಳು ಸಂಕಟಪಟ್ಟು ನಾನೂ ಸಕಲೇಶಪುರದ ಕಾಫಿ ತೋಟದವರೊಬ್ಬರಿಂದ ಒಂದು ಹಳೆಯ ಅಮೆರಿಕನ್ ಕಾರು ಕೊಂಡೆ. ಅದೂ ದೊಡ್ಡ ಕಂಪನಿಯದೇ, ದೊಡ್ಡ ಮನುಷ್ಯರ ಕಾರೇ. ಆದರೆ ನನ್ನ ಮನೆಗೆ ಬಂದ ಮೇಲೆ ಅದು ತಳ್ಳಿಸಿಕೊಳ್ಳುವುದನ್ನು ಅಭ್ಯಾಸ ಮಾಡಿಕೊಂಡಿತು. ಕಂಪನಿಗೆ ಮೂರು ಕಾಗದ ಬರೆದೆ, ಒಂದಕ್ಕಿಂತ ಒಂದು ಒಳ್ಳೆಯ ಇಂಗ್ಲಿಷ್‌ನಲ್ಲಿ. ಎಂಟು ತಿಂಗಳ ಮೇಲೆ ಉತ್ತರ ಬಂತು: ಬಣ್ಣದ ಚಿತ್ರಗಳ ಒಂದು ಪುಸ್ತಕ, ‘ನಮ್ಮ ಹೊಸ ಮಾದರಿಯನ್ನು ಕೊಳ್ಳಿರಿ’ ಎಂದು.

ಆ ವರ್ಷದ ದೀಪಾವಳಿಗೆ ಅಳಿಯಂದಿರಿಬ್ಬರಿಗೂ ಚನ್ನರಾಯಪಟ್ಟಣದ ಮಾವನ ಮನೆಯಿಂದ ಕರೆ. ನಾನು ಸಾಲಗಾಮೆಯಲ್ಲಿ ಅಕ್ಕಿ ವ್ಯಾಪಾರ ಮುಗಿಸಿ ಹೊರಟೆ, ಚನ್ನರಾಯಪಟ್ಟಣ ಇನ್ನು ಎರಡು ಮೈಲಿ ಎನ್ನುವಾಗ ನನ್ನ ಕಾರು ನಿಂತುಬಿಟ್ಟಿತು. ಯಾರೋ ಪುಣ್ಯವಂತರು ಜೋಡಿ ಎತ್ತು ಕಟ್ಟಿದರು. ಮಾವನ ಮನೆ ಬೀದಿಯಲ್ಲಿ ನಾನು ಸ್ಟಿಯರಿಂಗ್ ಹಿಡಿದು ಗಂಭೀರವಾಗಿ ಕೂತಿದ್ದೆ, ಮುಂದೆ ಎತ್ತುಗಳು ನಡೆಯುತ್ತಿದ್ದವು. ಜಗಲಿಯ ಮೇಲೆ ಮರುಳಪ್ಪ ಎಣ್ಣೆಸ್ನಾನ ಮುಗಿಸಿ ಕೂತಿದ್ದ. ನಮ್ಮ ಮಾವ ಎದ್ದು ಬಂದು ನೋಡಿ, “ಚಿಕ್ಕಳಿಯಂದ್ರು ಗಾಡೀಲಿ ಬಂದ್ರೋ ಕಾರಲ್ಲಿ ಬಂದ್ರೋ?” ಎಂದರು. ಎಲ್ಲರೂ ನಕ್ಕರು. ನಗದೆ ಓಡಿಬಂದು ನೊಗ ಬಿಚ್ಚಿದವನು ಮರುಳಪ್ಪ ಒಬ್ಬನೇ. ಅದು ನನಗೆ ಇನ್ನೂ ಉರಿಯಿತು.

ಅವನ ಕಾರೂ ಒಮ್ಮೆ ಕೆಟ್ಟಿತು. ಆಯುಧಪೂಜೆಯ ಮಾರನೆಯ ದಿನ ಹೊಳೆ ದಾಟಿ ಏರು ಹತ್ತುವಾಗ ಬಾನೆಟ್ಟಿನಿಂದ ಹೊಗೆ, ಹೊಗೆಯ ಜೊತೆಗೆ ಪಾಯಸ ತಳ ಹತ್ತಿದಂಥ ವಾಸನೆ. ಸುದ್ದಿ ಕೇಳಿ ಆ ದಿನ ನಾನು ಎರಡು ಹೋಳಿಗೆ ಹೆಚ್ಚು ತಿಂದೆ. ಆದರೆ ತಂತಿ ಕೊಟ್ಟ ನಾಲ್ಕನೆಯ ದಿನಕ್ಕೆ ಕಂಪನಿಯವರು ಮದರಾಸಿನಿಂದ ಪೀಟರ್ ಎಂಬ ಮೇಸ್ತ್ರಿಯನ್ನು ರೈಲಿನಲ್ಲಿ ಕಳಿಸಿಬಿಟ್ಟರು! ಅವನು ಹೊಳೆನರಸೀಪುರದ ಸ್ಟೇಷನ್ನಿನಲ್ಲಿ ಕಬ್ಬಿಣದ ಪೆಟ್ಟಿಗೆ ಸಮೇತ ಇಳಿದ. ರೇಡಿಯೇಟರ್ ಬಿಚ್ಚಿ, ಬೆರಳಿನಲ್ಲಿ ಒರೆಸಿ, ನಾಲಗೆಗೆ ಮುಟ್ಟಿಸಿಕೊಂಡು ನನ್ನ ಮುಖ ನೋಡಿದ. ದುಭಾಷಿ ನಾನೇ.

ನಡೆದದ್ದು ಇಷ್ಟು. ಮರುಳಪ್ಪನ ತಾಯಿ ಪೂಜೆಯ ದಿನ ಕಾರಿಗೆ ವಿಭೂತಿ ಹಚ್ಚಿ, ಹೂ ಏರಿಸಿ, ಅದರ ಬಾಯಿಗೆ ಆರು ಎಳನೀರು ಹೊಯ್ದಿದ್ದರು. “ದಿನಾ ನೀರ್ ಕುಡ್ಯೋ ಗಾಡಿ ಕಣಪ್ಪ. ಅಬ್ಬದ್ ದಿನ್ವೂ ಬರೀ ನೀರಾ? ತೆಂಗಿನ್ ಮನೇಲಿದ್ಕೊಂಡು?” ಎಂದು ಮುದುಕಿ ಅಳುವ ಹಾಗಾಗಿದ್ದರು. ಪೀಟರ್ ನಗಲಿಲ್ಲ. ಮೂರು ದಿನ ಕೂತು ಎಲ್ಲವನ್ನೂ ತೊಳೆದು ಸರಿಮಾಡಿ ಹೋದ.

ಹದಿನೈದು ದಿನಕ್ಕೆ ಕಂಪನಿಯಿಂದ ಕಾಗದ ಬಂತು. ಕಾಗದ ಬಂದರೆ ಮರುಳಪ್ಪ ತಾನು ಒಡೆಯುತ್ತಿರಲಿಲ್ಲ. ದೇವರ ಗೂಡಿನಲ್ಲಿಟ್ಟು, ಲಕೋಟೆಯ ಮೇಲೆ ಮೂರು ಬೆರಳಿನ ವಿಭೂತಿ ಎಳೆದು, ಅರಕಲಗೂಡಿಗೆ ಹೇಳಿ ಕಳಿಸುತ್ತಿದ್ದ. ನಾನು ಬಸ್ಸಿನಲ್ಲಿ ಹೋಗುತ್ತಿದ್ದೆ, ನನ್ನ ಕಾರಿನ ವಿಷಯ ನಿಮಗೆ ಗೊತ್ತೇ ಇದೆ.

“ಓದು ತಮ್ಮಯ್ಯ, ಏನ್ ಬರ್ದವ್ರೆ ಪುಣ್ಯಾತ್ಮರು?” ಎಂದು ಮರುಳಪ್ಪ ಚಾಪೆಯ ಮೇಲೆ ಕೂತ. ಕಂಬದ ಹಿಂದೆ ಅವನ ತಾಯಿ ನಿಂತಿದ್ದರು.

ಆ ಕಾಗದ ಇವತ್ತಿಗೂ ನನಗೆ ಬಾಯಿಪಾಠ. ‘ತಮ್ಮ ತಾಯಿಯವರು ನಮ್ಮ ಕಾರಿಗೆ ತೋರಿಸಿದ ಆದರಕ್ಕೆ ನಾವು ಋಣಿಗಳು. ಇಷ್ಟು ಅಕ್ಕರೆಯಿಂದ ಅದಕ್ಕೆ ಬೇರೆ ಯಾರೂ ನೀರೆರೆದ ನೆನಪು ನಮಗಿಲ್ಲ. ಆದರೆ ಅದರ ಜೀರ್ಣಶಕ್ತಿ ಕಡಿಮೆ, ಬರೀ ನೀರನ್ನಷ್ಟೇ ತಾಳಿಕೊಳ್ಳಬಲ್ಲದು. ತಾಯಿಯವರಿಗೆ ನಮ್ಮ ವಂದನೆಗಳನ್ನು ದಯಮಾಡಿ ತಿಳಿಸಬೇಕು.’ ಇಷ್ಟು ಚೆಂದದ ಕಾಗದವನ್ನು ನನಗೆ ಯಾವ ಕಂಪನಿಯೂ ಬರೆದಿರಲಿಲ್ಲ. ಕಂಪನಿ ಹಾಗಿರಲಿ, ಮಾವನವರೂ ಬರೆದಿರಲಿಲ್ಲ. ಓದಿ ಮುಗಿಸಿ ಕಾಗದವನ್ನು ಮಡಿಚಿದೆ.

“ಬರೀ ನೀರು ಹಾಕಬೇಕಂತೆ” ಎಂದೆ.

“ಅಷ್ಟೇಯಾ? ಎರಡು ಪುಟ ಐತಲ್ಲ?”

“ಇಂಗ್ಲಿಷೇ ಹಾಗೆ ಅಣ್ಣ, ಜಾಗ ಜಾಸ್ತಿ ಬೇಕು.”

ಕಂಬದ ಹಿಂದಿನಿಂದ ಮುದುಕಿ ಕೇಳಿದರು: “ಬೈದವ್ರೇನಪ್ಪ ನನ್ನ?”

ಆಗಲಾದರೂ ಇಲ್ಲ ಎನ್ನಬಹುದಾಗಿತ್ತು. “ಸ್ವಲ್ಪ” ಎಂದೆ. ಅವರು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಒಳಗೆ ಹೋದರು. ಆಮೇಲೆ ಅವರು ಆ ಕಾರು ಹತ್ತಲಿಲ್ಲ. ಎರಡು ವರ್ಷದಲ್ಲಿ ತೀರಿಕೊಂಡರು.

ಹೀಗೆ ಶುರುವಾದ ಚಟ ನನ್ನನ್ನು ಬಿಡಲಿಲ್ಲ. ಕಂಪನಿ ಪ್ರತಿ ವರ್ಷ ಕಾಗದ ಬರೆದು ಕಾರು ಹೇಗಿದೆ, ಟೈರು ಸವೆದಿದೆಯೇ, ಮನೆಯವರೆಲ್ಲ ಕ್ಷೇಮವೇ ಎಂದು ಕೇಳುತ್ತಿತ್ತು. ನಾನು ಕ್ಷೇಮವನ್ನು ನುಂಗಿ ಟೈರನ್ನು ಮಾತ್ರ ಓದುತ್ತಿದ್ದೆ.

ಅಷ್ಟರಲ್ಲಿ ಯುದ್ಧ ಬಂತು, ಪೆಟ್ರೋಲು ರೇಷನ್ ಚೀಟಿಗೆ ಬಿತ್ತು. ಮರುಳಪ್ಪನ ಕಾರು ಕೊಟ್ಟಿಗೆ ಸೇರಿತು, ಒಳಗೆ ಏನೋ ಒಂದು ಭಾಗ ಮುರಿದಿತ್ತು. ಅವನು ತಂತಿ ಕೊಟ್ಟದ್ದಕ್ಕೆ ಬಂದ ಕಾಗದದಲ್ಲಿ ಇದ್ದದ್ದು ಇದು: ‘ನಮ್ಮ ಕಾರ್ಖಾನೆ ಈಗ ಸೈನ್ಯದ ಕೆಲಸದಲ್ಲಿದೆ, ಆಳು ಕಳಿಸಲಾರೆವು. ದಯಮಾಡಿ ಕಾರನ್ನು ಮಾರಬೇಡಿ. ಯುದ್ಧ ಮುಗಿದ ಕೂಡಲೇ ನಮ್ಮವನು ಬಂದು ಅದನ್ನು ಓಡಿಸಿಕೊಟ್ಟೇ ಹೋಗುತ್ತಾನೆ. ಇದು ನಮ್ಮ ಮಾತು.’

ನಾನು ಮೊದಲ ಸಾಲು ಓದಿ ಮಡಿಚಿದೆ. “ಆಳು ಕಳಿಸೋಕೆ ಆಗಲ್ವಂತೆ ಅಣ್ಣ.”

ಮರುಳಪ್ಪ ಕಾಗದವನ್ನು ಇಸಕೊಂಡು ಮತ್ತೆ ದೇವರ ಗೂಡಿನಲ್ಲಿಟ್ಟ. “ಅವ್ರೂ ಕೈ ಬಿಟ್ರಾ? ಓಗ್ಲಿ ಬುಡು. ನೀನಂತೂ ಇದ್ದೀಯಲ್ಲ” ಎಂದ.

ಆ ತಿಂಗಳೇ ಕಾರನ್ನು ಹಾಸನದ ಬಾಡಿಗೆ ಗಾಡಿಯವನೊಬ್ಬ ಕೊಂಡ. ಮುರಿದದ್ದಕ್ಕೆ ಏನೋ ತೇಪೆ ಹಾಕಿ, ಪೆಟ್ರೋಲಿನ ಬದಲು ಇದ್ದಿಲಿನ ಹೊಗೆಯಲ್ಲಿ ಓಡಲೆಂದು ಅದರ ಬೆನ್ನಿಗೆ ಒಲೆ ಕಟ್ಟಿ, ಚರ್ಮದ ಸೀಟು ಕಿತ್ತು ಹಲಗೆ ಬಡಿದು, ಜನ ತುಂಬಿ ಓಡಿಸಿದ. ಒಮ್ಮೆ ಅದು ನನ್ನೆದುರೇ ಕೆಮ್ಮುತ್ತಾ ಹೋಯಿತು. ನನಗೆ ಖುಷಿಯಾಗಬೇಕಿತ್ತು. ಸುಳ್ಳು ಯಾಕೆ, ಒಂದು ಗಳಿಗೆ ಆಯಿತು ಕೂಡ.

ಯುದ್ಧ ಮುಗಿದ ಮೇಲೆ ಪೀಟರ್ ಬಂದ. ನಾನಲ್ಲಿ ಇರಲಿಲ್ಲ, ಮರುಳಪ್ಪನೇ ಆಮೇಲೆ ಹೇಳಿದ: “ಆ ಪುಣ್ಯಾತ್ಮ ಬಂದಿದ್ದ ಕಣಯ್ಯ, ಪೆಟ್ಗೆ ಎತ್ಕೊಂಡು! ಅವನ ಮಾತು ನನ್ಗೆ ತಿಳೀದು, ನನ್ ಮಾತು ಅವನ್ಗೆ ತಿಳೀದು. ಕೊಟ್ಗೆ ತೋರ್ಸ್‌ದೆ. ಸುಮ್ಕೆ ನಿಂತ್ಕಂಡು ನೋಡ್ದ. ಉಂಡ್ಕೊಂಡು ಓದ. ಯಾರೂ ಕರೀದೆ ಬಂದಿದ್ದ ನೋಡು, ಎಂಥಾ ಜನ!” ನಾನು “ಹೌದಣ್ಣ” ಎಂದೆ.

ಇದನ್ನೆಲ್ಲ ನಾನು ಯಾರಿಗೂ ಹೇಳಿದವನಲ್ಲ. ಮೊನ್ನೆ ಚನ್ನರಾಯಪಟ್ಟಣದ ದಾರಿಯಲ್ಲಿ, ಸದ್ದೇ ಇಲ್ಲದೆ ಓಡುವ ಆ ಕಾರಿನಲ್ಲಿ, ಯಾಕೋ ಬಾಯಿ ತಡೆಯಲಿಲ್ಲ. ಗಿರಿಜೆಗೆ ಹೇಳಿಬಿಟ್ಟೆ, ಅವಳ ಅಜ್ಜಿಯ ವಿಷಯವನ್ನೂ ಬಿಡದೆ. ಅವಳು ಬೈದರೆ ಬೈಯಲಿ ಎಂದು ತಲೆ ತಗ್ಗಿಸಿ ಕೂತೆ.

“ಅದು ನಮ್ಗೊತ್ತು ಚಿಕ್ಕಪ್ಪ” ಎಂದಳು ಗಿರಿಜೆ. “ನಾನು ಹೈಸ್ಕೂಲು ಮುಗಿಸಿದ ವರ್ಷ ಅಪ್ಪ ಆ ಕಾಗದಗಳನ್ನೆಲ್ಲ ತೆಗೆದು ನನ್ ಕೈಲಿ ಓದಿಸಿದ್ರು. ನನ್ ಇಂಗ್ಲಿಷ್ ಎಷ್ಟು ಬಂದದೆ ನೋಡೋಣ ಅಂತ.”

“ಏನಂದ್ರು?”

“ಅಜ್ಜಿ ಕಾಗದ ಎರಡು ಸಲ ಓದಿಸಿದ್ರು. ಆಮೇಲೆ ‘ಅವನ ಕಾರು ಯಾವಾಗ್ಲೂ ಕೆಟ್ಟು ನಿಂತಿರ್ತಿತ್ತಲ್ಲವ್ವಾ, ಪಾಪ’ ಅಂದ್ರು. ಅಷ್ಟೇ.”

ನಾನು ಲೆಕ್ಕ ಹಾಕಿದೆ. ಅದಾದ ಮೇಲೆ ಮರುಳಪ್ಪ ಇನ್ನೂ ಹನ್ನೆರಡು ವರ್ಷ ಬದುಕಿದ್ದ. ಕೋರ್ಟಿನದೋ ರೈಲ್ವೆಯದೋ ಇಂಗ್ಲಿಷ್ ಕಾಗದ ಬಂದಾಗಲೆಲ್ಲ, ಓದಬಲ್ಲ ಮಗಳು ಮನೆಯಲ್ಲೇ ಇರುವಾಗ, ಅದಕ್ಕೆ ವಿಭೂತಿ ಎಳೆದಿಟ್ಟು ಅರಕಲಗೂಡಿಗೆ ಹೇಳಿ ಕಳಿಸುತ್ತಿದ್ದ. ನಾನು ಓದಿ ಹೇಳಿದ್ದಕ್ಕೆ ಒಂದು ಸಲವೂ ಎದುರು ಪ್ರಶ್ನೆ ಕೇಳಲಿಲ್ಲ.

“ಬೇಜಾರಾಯ್ತಾ ಚಿಕ್ಕಪ್ಪ?”

“ಇಲ್ಲ ಕಣಮ್ಮ. ನಿಮ್ಮಪ್ಪನ್ನ ನೆನೆಸಿಕೊಂಡ್ರೆ ಹೊಟ್ಟೆ ಉರೀತದೆ” ಎಂದೆ.

ಅವಳು ತಮಾಷೆ ಅಂದುಕೊಂಡು ನಕ್ಕಳು.