ಕ್ಯಾಪ್ಟನ್ ಅಕ್ಕ ಕೊಟ್ಟ ಖೋ

ಅಕ್ಕನ ಬಲಗೈ ಮೊರದಷ್ಟು ಅಗಲ ಎಂದು ಕಾಲೇಜಿನ ಖೋ ಖೋ ತಂಡದ ನಾವು ಹುಡುಗಿಯರು ಆಡಿಕೊಳ್ಳುತ್ತಿದ್ದೆವು. ಕಿರುಬೆರಳು ಸೊಟ್ಟ. ಎಂದೋ ಆಟದಲ್ಲಿ ಕಂಬಕ್ಕೆ ಬಡಿದು ಮುರಿದದ್ದು ನೆಟ್ಟಗೆ ಕೂಡಿಕೊಂಡಿರಲಿಲ್ಲ. ಆ ಕೈ ಹಿಂದಿನಿಂದ ಬಂದು ನನ್ನ ಬೆನ್ನ ನಡುವೆ ಫಟ್ಟನೆ ಬಿತ್ತೆಂದರೆ, 'ಖೋ' ಎಂಬ ಕೂಗು ಕಿವಿಗೆ ಮುಟ್ಟುವಷ್ಟರಲ್ಲಿ ನಾನು ಎದ್ದು ಓಡಿರುತ್ತಿದ್ದೆ. ಸೊಟ್ಟ ಬೆರಳು ಒಂದು ಮಾತ್ರ ಬೇರೆಯಾಗಿ ಕುಟ್ಟುತ್ತಿತ್ತು. ಹಾಗಾಗಿ ಹಿಂದೆ ಬಂದವಳು ಕ್ಯಾಪ್ಟನ್ ಅಕ್ಕನೇ ಎಂದು ನೋಡದೆ ಹೇಳುತ್ತಿದ್ದೆ.

ಖೋ ಖೋ ಆಡದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಅಟ್ಟಿಸುವ ತಂಡದವರು ನಡುಗೆರೆಯ ಮೇಲೆ ಸಾಲಾಗಿ, ಒಬ್ಬಳು ಈ ಕಡೆ ಇನ್ನೊಬ್ಬಳು ಆ ಕಡೆ ಮುಖ ಮಾಡಿ ಕುಕ್ಕರಗಾಲಲ್ಲಿ ಕೂತಿರುತ್ತಾರೆ. ಓಡಿ ಹಿಡಿಯುವವಳು ಒಬ್ಬಳೇ. ಅವಳು ಬಂದು ಕೂತವಳ ಬೆನ್ನು ಮುಟ್ಟಿ ಖೋ ಎಂದರೆ ಕೂತವಳು ಎದ್ದು ಓಡಬೇಕು, ಮುಟ್ಟಿದವಳು ಅವಳ ಜಾಗದಲ್ಲಿ ಕೂರಬೇಕು. ಎದ್ದವಳು ಹಿಂದಕ್ಕೆ ತಿರುಗುವಂತಿಲ್ಲ. ತಿರುಗಬೇಕಾದರೆ ತುದಿಯ ಕಂಬ ಸುತ್ತಿಕೊಂಡೇ ಬರಬೇಕು. "ಖೋ ಬಂದ್ರೆ ಯಾಕೆ ಏನು ಅನ್ನೋ ಹಾಗಿಲ್ಲ ಕಣ್ರೇ. ಏಳೋದು ಅಷ್ಟೆ," ಎಂದು ಅಕ್ಕ ದಿನಾ ಹೇಳುತ್ತಿದ್ದಳು.

ಈ ಪಾಠ ನನ್ನ ಮೈಗೆ ಎಷ್ಟು ಹತ್ತಿತ್ತೆಂದರೆ, ನನ್ನ ಮದುವೆಯಲ್ಲಿ ಹಸೆಮಣೆಯ ಮೇಲೆ ಕೂತಿದ್ದಾಗ ಯಾರೋ ಹಿರಿಯರು ಅಕ್ಷತೆ ಹಾಕಿ ಬೆನ್ನು ತಟ್ಟಿದರು, ನಾನು ಚಂಗನೆ ಎದ್ದು ನಿಂತುಬಿಟ್ಟೆ! ಪುರೋಹಿತರು ಗಾಬರಿ, ನಮ್ಮ ಯಜಮಾನರು ಗಾಬರಿ, ಹುಡುಗಿಗೆ ಮದುವೆ ಇಷ್ಟವಿಲ್ಲವೇನೋ ಎಂದು ಬೀಗರ ಕಡೆಯಲ್ಲಿ ಗುಸುಗುಸು. ಅಕ್ಕ ಒಬ್ಬಳೇ ಹಿಂದಿನ ಸಾಲಿನಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ದೊಡ್ಡಬಳ್ಳಾಪುರದ ಕಾಲೇಜಿಗೆ ನಾನು ಬಿ.ಎ. ಮೊದಲ ವರ್ಷಕ್ಕೆ ಸೇರಿದಾಗ ಅವಳು ಕೊನೆಯ ವರ್ಷದಲ್ಲಿದ್ದಳು. ಲೆಕ್ಚರರುಗಳು ಕೂಡ ಅವಳನ್ನು ಕ್ಯಾಪ್ಟನ್ ಎಂದೇ ಕರೆಯುತ್ತಿದ್ದರು. ನಾನು ಬಸ್ಸಿನ ಹಿಂದೆ ಓಡುವುದನ್ನು ನೋಡಿ "ನಾಳೆಯಿಂದ ಗ್ರೌಂಡಿಗೆ ಬಾ" ಎಂದಳು. ಮನೆಯಲ್ಲಿ ಹೇಳಿದೆ. ಅಪ್ಪ ಅಜ್ಜಿಯ ಮುಖ ನೋಡಿದರು. ನಮ್ಮ ಮನೆಯ ಸುಪ್ರೀಂ ಕೋರ್ಟು ಅಜ್ಜಿ. ಚಡ್ಡಿ ಹಾಕಿಕೊಂಡು ಆಡುವ ಆಟ ಎಂದು ತಿಳಿದದ್ದೇ ತಡ, ತೀರ್ಪು ಬಂತು: ಆಗಕೂಡದು.

ಮುಂದಿನ ಭಾನುವಾರ ಅಕ್ಕ ನಮ್ಮ ಊರಿಗೆ ಸೈಕಲ್ ತುಳಿದುಕೊಂಡು ಬಂದಳು. ಅಜ್ಜಿ ಜಗಲಿಯ ಮೇಲೆ ಕೂತು ಶುರುಮಾಡಿತು.

"ಏನ್ ತಾಯಿ, ಹೆಣ್ಮಕ್ಳು ಚಡ್ಡಿ ಇಕ್ಕೊಂಡು ಗಂಡಸ್ರ ಮುಂದೆ ಓಡೋದಾ? ನಾಳೆ ಇವಳ್ನ ಯಾರು ಮಾಡ್ಕೊಂತಾರೆ?"

"ಅಜ್ಜಿ, ರಾಗಿ ಹೊಲದಾಗೆ ಕಳೆ ಕೀಳೋವಾಗ ನೀವು ಸೀರೆ ಎಲ್ಲಿಗೆ ಎತ್ತಿ ಕಟ್ತೀರಾ?"

"ಮೊಣಕಾಲ್ಗೆ. ಅದು ಗೇಯ್ಮೆ ಕಣವ್ವಾ."

"ಇದೂ ಗೇಯ್ಮೆನೇ ಅಜ್ಜಿ. ಬೇಕಾದ್ರೆ ಒಂದ್ಸಲ ಬಂದು ನೋಡಿ."

ಅಜ್ಜಿ ಸವಾಲು ಬಿಡುವ ಹೆಂಗಸಲ್ಲ. ಎಲೆಅಡಿಕೆ ಚೀಲ ಸಿಕ್ಕಿಸಿಕೊಂಡು ಬಂದೇ ಬಂತು. ಮೈದಾನದ ಹೊಂಗೆ ಮರದಡಿ ಸಂಜೆಯವರೆಗೆ ಕೂತು ನೋಡಿತು. ಅವತ್ತು ಅಕ್ಕ ನನ್ನನ್ನು ಓಡಿಸಲೇ ಇಲ್ಲ. ಬರೀ ಕೂರಿಸಿದಳು. ಹಿಮ್ಮಡಿ ಎತ್ತಿ, ಬೆರಳ ಮೇಲೆ ಭಾರ ಬಿಟ್ಟು, ಯಾವ ಕ್ಷಣಕ್ಕಾದರೂ ಏಳುವ ಹಾಗೆ ಕೂರುವುದು. ತೊಡೆ ನಡುಗಿ ಕಣ್ಣಲ್ಲಿ ನೀರು ಬಂತು. "ಕೂರೋದು ಕಲಿ, ಓಡೋದು ತಾನಾಗೇ ಬರುತ್ತೆ," ಎಂದಳೇ ಹೊರತು ಅಯ್ಯೋ ಪಾಪ ಅನ್ನಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಅಜ್ಜಿ ಹೇಳಿದ್ದು ಇಷ್ಟೇ: "ಮನೇಲಿ ಒಂದ್ ಗಳಿಗೆ ಕೂತು ಅವರೆಕಾಯಿ ಸುಲಿ ಅಂದ್ರೆ ಕೂರಲ್ಲ ನೀನು. ಆವಮ್ಮ ಕೂರುಸ್ತಾಳೆ. ಹೋಗು, ಆಡ್ಕೊ." ನಾನು ಗೆದ್ದ ಮೊದಲ ಕಪ್ಪು ಅದೇ.

ಆ ವರ್ಷ ನಾವು ವಿಶ್ವವಿದ್ಯಾಲಯದ ಫೈನಲ್ ತಲುಪಿದೆವು. ಎದುರಿಗೆ ಬೆಂಗಳೂರಿನ ದೊಡ್ಡ ಕಾಲೇಜು. ಅವರ ಹುಡುಗಿಯರಿಗೆ ಒಳ್ಳೆಯ ಶೂ, ನಾವು ಅರ್ಧಕ್ಕರ್ಧ ಬರಿಗಾಲು. ಆಟ ಮುಗಿಯುವ ಹೊತ್ತಿಗೆ ಪಾಯಿಂಟು ಸಮಸಮ. ಅವರ ಕಡೆಯ ಒಬ್ಬಳು ಉಳಿದಿದ್ದಾಳೆ, ಅವಳನ್ನು ಮುಟ್ಟಿದರೆ ಕಪ್ಪು ನಮ್ಮದು. ಅಕ್ಕ ಅಟ್ಟಿಸಿಕೊಂಡು ಬಂದಳು. ಆ ಹುಡುಗಿ ಕಂಬದ ಪಕ್ಕ ನಾನು ಕೂತಿದ್ದಲ್ಲೇ ನಡುಗೆರೆ ದಾಟಿ ಆ ಕಡೆಗೆ ಜಾರಿದಳು. ಅಟ್ಟಿಸುವವಳು ಗೆರೆ ದಾಟುವಂತಿಲ್ಲ. ಅಕ್ಕ ಕಂಬ ಸುತ್ತಿ ಹೋಗುತ್ತಾಳೆ ಎಂದೇ ಎಲ್ಲರೂ ಅಂದುಕೊಂಡರು. ಕಾಲೇಜಿನಲ್ಲಿ ಅವಳಷ್ಟು ಜೋರಾಗಿ ಓಡುವವರು ಇರಲಿಲ್ಲ. ಅವಳು ಮಾತ್ರ ನನ್ನ ಬೆನ್ನಿಗೆ ಬಡಿದಳು. ಆ ಟೂರ್ನಮೆಂಟಿನಲ್ಲಿ ಅದುವರೆಗೆ ಒಬ್ಬರನ್ನೂ ಮುಟ್ಟದ ನನಗೆ ಖೋ!

"ಅಯ್ಯೋ, ಆ ಮಗೂಗ್ಯಾಕೆ ಕೊಟ್ಲು!" ಎಂದು ನಮ್ಮ ಕಡೆಯವರೇ ಕಿರುಚಿದರು. ನಾನು ಎದ್ದೆ, ಹಾರಿದೆ, ನೆಲಕ್ಕೆ ಬಿದ್ದೆ. ಬೀಳುವಾಗ ನನ್ನ ಬೆರಳ ತುದಿಗೆ ಅವಳ ಹಿಮ್ಮಡಿ ತಗುಲಿತ್ತು. ಬಾಯಲ್ಲಿ ಮಣ್ಣು, ಕಿವಿಯಲ್ಲಿ ಸೀಟಿ.

"ಯಾಕಕ್ಕ ನಂಗೆ ಕೊಟ್ಟೆ?" ಎಂದು ಆಮೇಲೆ ಕೇಳಿದೆ.

"ನನ್ ಕೈಗೆ ದೂರ ಇದ್ಲು, ನಿನ್ ಕೈಗೆ ಹತ್ರ ಇದ್ಲು. ಅದ್ರಲ್ಲೇನೇ ದೊಡ್ಡ ಲೆಕ್ಕಾಚಾರ?"

ಕಪ್ಪನ್ನು ಟವೆಲಿನಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ನಿಂತೇ ಬಂದೆವು. ಸೀಟಿನಲ್ಲಿದ್ದ ಒಬ್ಬ ಯಜಮಾನರು ಟವೆಲಿನ ಸಂದಿಯಲ್ಲಿ ಇಣುಕಿ, "ಎಷ್ಟು ಕೊಟ್ರಮ್ಮ ಪಾತ್ರೆಗೆ?" ಎಂದರು. "ಗೆದ್ಕೊಂಡ್ ಬಂದಿದ್ದು ಸಾರ್," ಎಂದಳು ಅಕ್ಕ. ಅವರು "ಓಹೋ" ಎಂದು ಕಿಟಕಿ ಕಡೆ ತಿರುಗಿಕೊಂಡರು. ಹೋಗಲಿ, ಅವರು ಗೊತ್ತಿಲ್ಲದವರು. ನಮ್ಮ ಕಾಲೇಜಿಗೆ ಏನಾಗಿತ್ತು? ಮಾರನೆಯ ದಿನ ಪ್ರಾರ್ಥನೆಯಲ್ಲಿ ಒಬ್ಬರೂ ಒಂದು ಮಾತು ಆಡಲಿಲ್ಲ. ಎರಡನೇ ಸುತ್ತಿನಲ್ಲೇ ಸೋತು ಬಂದಿದ್ದ ಹುಡುಗರ ವಾಲಿಬಾಲ್ ತಂಡಕ್ಕೆ ಹಾರ ಹಾಕಿ ಫೋಟೋ ತೆಗೆಸಿದ್ದರು. ನಮ್ಮ ಕಪ್ಪು ಪ್ರಿನ್ಸಿಪಾಲರ ಬೀರುವಿನೊಳಗೆ ಹೋಯಿತು. ನಾನು ಬುಸುಗುಟ್ಟುತ್ತಿದ್ದೆ. ಅಕ್ಕ ನಮ್ಮನ್ನೆಲ್ಲ ಕರೆದುಕೊಂಡು ಹೋಗಿ ಮಸಾಲೆ ದೋಸೆ ಕೊಡಿಸಿ, "ಹಾರ ತಿನ್ನೋಕಾಗುತ್ತೇನ್ರೇ? ತಿನ್ರಿ ಸುಮ್ನೆ," ಎಂದಳು. ಅವಳು ಮರೆತಳು. ನಾನು ಮರೆಯಲಿಲ್ಲ. ನನ್ನ ಬುದ್ಧಿಯೇ ಅಂಥದ್ದು.

ಅಕ್ಕ ದೇವನಹಳ್ಳಿ ತಾಲ್ಲೂಕಿಗೆ, ಆವತಿಯ ಆಚೆಯ ಒಂದು ಹಳ್ಳಿಗೆ ಸೊಸೆಯಾಗಿ ಹೋದಳು. ದ್ರಾಕ್ಷಿ ತೋಟ, ಹಸುಗಳು, ಊರಿನ ಮಹಿಳಾ ಹಾಲಿನ ಡೈರಿಯ ಕಾರ್ಯದರ್ಶಿ ಕೆಲಸ. ನಾನು ನೆಲಮಂಗಲದ ಕಡೆ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿಯಾದೆ. ಆ ತರಬೇತಿಗೆ ಸೇರು ಎಂದು ಹಟ ಹಿಡಿದವಳೂ ಅವಳೇ. ಸೋಂಪುರದ ಕಾರ್ಖಾನೆಗಳಿಗೆ ಕೆಲಸಕ್ಕೆ ಹೋಗುವ ತಾಯಂದಿರ ಹೆಣ್ಣುಮಕ್ಕಳಿಗೆ ಈಗ ನಾನು ಕೂರುವುದನ್ನು ಕಲಿಸುತ್ತೇನೆ. ಅವರೂ ಕಣ್ಣಲ್ಲಿ ನೀರು ಹಾಕುತ್ತಾರೆ. ನಾನೂ ಅಯ್ಯೋ ಪಾಪ ಅನ್ನುವುದಿಲ್ಲ.

ಈಚೆಗೆ ನಮ್ಮ ಕಾಲೇಜಿನವರು ಹಳೆಯ ಕ್ರೀಡಾಪಟುಗಳಿಗೆ ಸನ್ಮಾನ ಮಾಡುವುದೆಂದು ತೀರ್ಮಾನಿಸಿದರು. ಸುದ್ದಿ ಕೇಳಿದ್ದೇ ಸಮಿತಿಯ ಮುಂದೆ ಹೋಗಿ ಕೂತೆ. ಒಂದು ಆಟಕ್ಕೆ ಒಬ್ಬರು ಎಂದರು. ಹಾಗಾದರೆ ಖೋ ಖೋಗೆ ನಮ್ಮ ಕ್ಯಾಪ್ಟನ್ನು, ಬೇರೆ ಮಾತೇ ಇಲ್ಲ ಎಂದೆ. ಒಪ್ಪಿದರು. ಆಮೇಲೆ ಸಂಚಾಲಕರು, "ಗಂಡಸರಿಗೆ ಶಾಲು, ಮೈಸೂರು ಪೇಟ. ಹೆಂಗಸರಿಗೆ ಶಾಲು, ಹಣ್ಣಿನ ಬುಟ್ಟಿ," ಎಂದು ಓದಿದರು.

"ಪೇಟ ಯಾಕಿಲ್ಲ ಸಾರ್?"

"ಹೆಂಗಸ್ರ ತುರುಬಿನ ಮೇಲೆ ಅದು ಕೂರಲ್ಲ ಮೇಡಂ."

"ಕೂರ್ಸೋದು ನಂಗೆ ಬಿಡಿ ಸಾರ್. ನಾವು ಕೂತೂ ಕೂತೇ ಕಪ್ ಗೆದ್ದೋರು!"

ಪೇಟಕ್ಕೂ ಒಪ್ಪಿಸಿದೆ. ಈ ಸಮಿತಿ ಏನು ಮಹಾ, ಒಪ್ಪಿಸಬೇಕಾದವಳು ಬೇರೆ ಇದ್ದಳು. ಅಕ್ಕನ ಮನೆಗೆ ಹೋದಾಗ ಅವಳು ಹಸುವಿಗೆ ಹಿಂಡಿ ಕಲೆಸುತ್ತಿದ್ದಳು. ಮಂಡಿನೋವು, ಗೋಡೆ ಹಿಡಿದು ಏಳುತ್ತಾಳೆ. ವಿಷಯ ಹೇಳಿದೆ.

"ನಾನ್ ಬರಲ್ಲ ಕಣೇ. ಒಬ್ಬಳ್ನೇ ನಿಲ್ಸಿ ಶಾಲು ಹೊದಿಸೋಕೆ ನಾನೇನು ಷಟ್ಲು ಆಡಿದ್ನಾ?"

"ಒಂದು ಆಟಕ್ಕೆ ಒಬ್ರೇ ಅಂತಿದಾರಕ್ಕ. ನೀನೂ ಬರಲಿಲ್ಲ ಅಂದ್ರೆ ನಮ್ ಆಟಾನೇ ಇರಲ್ಲ. ಅವತ್ತು ಯಾರೂ ಕೇಳಲಿಲ್ಲ, ಇವತ್ತೂ ಬೇಡ ಅಂದ್ರೆ ನಾವು ಗೆದ್ದಿದ್ದೇ ಸುಳ್ಳಾಗೋಗುತ್ತೆ."

ಅವಳು ಕೈ ತೊಳೆದುಕೊಂಡು, ಸೆರಗಿನಲ್ಲಿ ಒರೆಸಿಕೊಂಡಳು. "ನಮ್ ತಂಡದೋರ್ನೆಲ್ಲ ಕರಿ. ಅವ್ರ ಜೊತೆ ಕೂತ್ಕೊಳ್ತೀನಿ. ಸ್ಟೇಜ್ ಹತ್ತೋ ಮಾತು ಕೊಡಲ್ಲ," ಎಂದಳು. ಹತ್ತುತ್ತಾಳೋ ಇಲ್ಲವೋ ಎಂಬುದೊಂದೇ ಚಿಂತೆಯಲ್ಲಿ ನಾನು ಅಲ್ಲಿಂದ ಬಂದೆ.

ಸನ್ಮಾನದ ದಿನ ನಮ್ಮ ತಂಡದವರೆಲ್ಲ ಬಂದರು. ಮುಂದಿನ ಸಾಲು ಪೂರ್ತಿ ನಮ್ಮದೇ, ರೇಷ್ಮೆ ಸೀರೆಗಳ ಸರಭರ. ಅಕ್ಕ ಮಾತ್ರ ಎಷ್ಟು ಕರೆದರೂ ಎರಡನೇ ಸಾಲಿನಲ್ಲಿ ನನ್ನ ಹಿಂದೆ ಕೂತಳು. ಕ್ರಿಕೆಟ್ ಆಯಿತು, ವಾಲಿಬಾಲ್ ಆಯಿತು. ಎಲ್ಲರ ತಲೆಗೂ ಪೇಟ ಏರಿತು. "ಮಹಿಳಾ ಖೋ ಖೋ ತಂಡದ ನಾಯಕಿಯವರು ವೇದಿಕೆಗೆ ಬರಬೇಕು," ಎಂದು ಮೈಕಿನಲ್ಲಿ ಕೂಗಿದರು.

ಫಟ್! "ಖೋ!"

ಅಂಗೈ, ಸೊಟ್ಟ ಬೆರಳು, ಎಲ್ಲ ಅದೇ. ನಾನು ಎದ್ದು ಎರಡು ಹೆಜ್ಜೆ ಹೋಗಿಯೇಬಿಟ್ಟಿದ್ದೆ. ಹಿಂದೆ ಕತ್ತು ಹೊರಳಿಸಿ ನೋಡಿದರೆ ಅಕ್ಕ ಕುರ್ಚಿಗಳ ಸಂದಿಯಲ್ಲಿ ನುಸುಳಿ ಬಂದು ನನ್ನ ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದಾಳೆ! "ಹೋಗೇ, ಕೊನೆಯವಳ್ನ ಹಿಡಿದೋಳು ನೀನು," ಎಂದಳು. ತಂಡದವರೆಲ್ಲ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು.

ಏನು ಮಾಡುವುದು? ಖೋ ಬಂದಾಗಿದೆ, ಹಿಂದಕ್ಕೆ ತಿರುಗುವಂತಿಲ್ಲ. ಎಡಗಡೆಯ ಮೆಟ್ಟಿಲು ಹತ್ತಿದೆ. ಮುಖ್ಯ ಅತಿಥಿಗಳು ಪೇಟ ಎತ್ತಿಕೊಂಡು ನನ್ನ ತಲೆಗೇ ಬಂದರು. ನಾನು ಬಗ್ಗಿ ತಪ್ಪಿಸಿಕೊಂಡು, "ನಾನಲ್ಲ ಸಾರ್, ಇನ್ನೊಬ್ರು ಬರ್ತಾರೆ, ಹಾಗೇ ಹಿಡ್ಕೊಂಡಿರಿ," ಎಂದೆ. ವೇದಿಕೆಯ ಈ ತುದಿಯಿಂದ ಆ ತುದಿಗೆ ಗಣ್ಯರ ಮುಂದೆಯೇ ದಡದಡ ನಡೆದು, ಬಲಗಡೆಯ ಮೆಟ್ಟಿಲು ಇಳಿದು, ಕಂಬ ಸುತ್ತಿದ ಹಾಗೆ ಸುತ್ತಿಕೊಂಡು, ಮುಂದಿನ ಸಾಲಿನ ಹಿಂದೆ ಬಂದೆ. ಅಕ್ಕ ವೇದಿಕೆಯ ಮೇಲೆ ನನ್ನನ್ನು ಹುಡುಕುತ್ತಿದ್ದಳು. ನನ್ನ ಕೈಯಲ್ಲಿದ್ದ ಶಕ್ತಿಯನ್ನೆಲ್ಲ ಸೇರಿಸಿ ಅವಳ ಬೆನ್ನಿಗೆ ಬಡಿದೆ.

"ಖೋ!"

ಗೋಡೆ ಹಿಡಿದು ಏಳುವ ಅಕ್ಕ ಚಂಗನೆ ಎದ್ದಳು. ಎದ್ದ ಮೇಲೆ ತಾನು ಎದ್ದಿದ್ದೇನೆ ಎಂದು ಅವಳಿಗೆ ಗೊತ್ತಾಯಿತು.

"ಲೇ, ಕ್ಯಾಪ್ಟನ್ಗೇ ಕೊಡ್ತೀಯೇನೇ?"

"ಖೋ ಬಂದ್ರೆ ಯಾಕೆ ಏನು ಅನ್ನೋ ಹಾಗಿಲ್ಲ ಅಕ್ಕ," ಎಂದು ನಾನು ನನ್ನ ಕುರ್ಚಿಯಲ್ಲಿ ಕೂತೆ. ಮುಂದಿನ ಸಾಲಿನಲ್ಲಿ ಅವಳಿಗೆ ವಾಪಸು ಕೂರಲು ಜಾಗವೇ ಉಳಿಯಲಿಲ್ಲ.

ಹೋದಳು. ಮಂಡಿಯ ಮೇಲೆ ಕೈ ಊರಿ ಒಂದೊಂದೇ ಮೆಟ್ಟಿಲು ಹತ್ತಿದಳು. ಶಾಲು ಹೊದಿಸಿದರು. ಪೇಟ ಇಟ್ಟರು. ತುರುಬಿನ ಮೇಲೆ ಅದು ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಸಂಚಾಲಕರ ಮುಖವನ್ನು ನಾನು ಬೇಕೆಂದೇ ಒಮ್ಮೆ ನೋಡಿದೆ. ಎರಡು ಮಾತಾಡಿ ಎಂದು ಮೈಕು ಕೊಟ್ಟರು. ಅಕ್ಕ ಭಾಷಣ ಮಾಡಲಿಲ್ಲ. ಅವತ್ತಿನ ಫೈನಲ್ಲಿನಲ್ಲಿ ನಾವು ಈ ಕಂಬದಿಂದ ಆ ಕಂಬದವರೆಗೆ ಯಾವ ಕ್ರಮದಲ್ಲಿ ಕೂತಿದ್ದೆವೋ ಅದೇ ಕ್ರಮದಲ್ಲಿ ಒಬ್ಬೊಬ್ಬರ ಹೆಸರನ್ನೂ ಕೂಗಿದಳು. ಕೂಗಿದಾಗಲೆಲ್ಲ ಒಬ್ಬೊಬ್ಬಳು ಎದ್ದು ನಿಂತಳು. ಕೊನೆಯದು ನನ್ನ ಹೆಸರು. ಪೇಟ ಮುಟ್ಟಿಕೊಂಡು, "ಇದು ಇಷ್ಟೂ ಜನದ್ದು. ಇಡೋಕೆ ತಲೆ ಒಂದು ಬೇಕಿತ್ತು, ನಂದು ಸಿಕ್ತು ಅಷ್ಟೆ," ಎಂದಳು. ಸಭೆಯೆಲ್ಲ ಎದ್ದು ಚಪ್ಪಾಳೆ ಹೊಡೆಯಿತು. ನನಗೆ ಅಳು ತಡೆಯಲಾಗಲಿಲ್ಲ. ನಮ್ಮ ಅಜ್ಜಿ ಇರಬೇಕಿತ್ತು, ಎಲೆಅಡಿಕೆ ಚೀಲದ ಸಮೇತ.

ಸಂಜೆ ಅವಳನ್ನು ದೇವನಹಳ್ಳಿ ಬಸ್ಸಿಗೆ ಹತ್ತಿಸಲು ಹೋದೆ. "ಇದನ್ನ ತೆಗೆದು ಚೀಲಕ್ಕೆ ಹಾಕ್ಕೊಳ್ಲೇನೇ? ಜನ ನೋಡ್ತಾರೆ," ಎಂದು ಪೇಟಕ್ಕೆ ಕೈ ಹಾಕಿದಳು.

"ಮುಟ್ಟಬೇಡ ಅಕ್ಕ. ಅವತ್ತು ಕಪ್ಪನ್ನ ಟವೆಲ್ನಾಗೆ ಸುತ್ಕೊಂಡು ಹೋಗಿದ್ದು ಸಾಕು."

ಅವಳು ಕೈ ಇಳಿಸಿದಳು. ಬಸ್ಸು ತುಂಬಿತ್ತು. ಪೇಟ ಒಳಗೆ ಬಂದದ್ದನ್ನು ಕಂಡು ಒಬ್ಬ ಹುಡುಗಿ ತಾನಾಗಿ ಎದ್ದು ಸೀಟು ಬಿಟ್ಟುಕೊಟ್ಟಳು. "ಏನ್ ಆಂಟಿ, ಏನ್ ಗೆದ್ರಿ?" ಎಂದು ಆ ಹುಡುಗಿ ಕೇಳಿದ್ದು ಕಿಟಕಿಯಿಂದ ನನಗೂ ಕೇಳಿಸಿತು.

"ಯೂನಿವರ್ಸಿಟಿ ಕಪ್ಪು," ಎಂದಳು ಅಕ್ಕ, ಬಸ್ಸಿಗೆಲ್ಲ ಕೇಳುವ ಹಾಗೆ.

ಬಸ್ಸು ಹೊರಟಿತು. ನನ್ನ ಬೆನ್ನ ಮೇಲೆ, ಆ ಸೊಟ್ಟ ಬೆರಳು ಕುಟ್ಟಿದ್ದ ಕಡೆ, ಇನ್ನೂ ಚುರುಚುರು ಅನ್ನುತ್ತಿತ್ತು.